ಮೊಳೆಗೆ ತೂಗುಹಾಕಿದ ನಂಬರುಗಳು

ನಮ್ಮ ಮಾವ ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾವನ ವಿಷಯ ಎತ್ತಿದ ಕೂಡಲೇ ಕೇಳುವವರ ಮುಖದಲ್ಲಿ ಒಂದು ನಗು ಬರುತ್ತದೆ, ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಂತ ಅವರು ತಪ್ಪೇ ಮಾಡಲಿಲ್ಲ ಅಂತಲೂ ನಾನು ವಾದಿಸಲಾರೆ. ಮಾಡಿದರು. ಆದರೆ ಮಾಡಿದ್ದಕ್ಕೆ ಏನು ಹೆಸರಿಡಬೇಕು ಅನ್ನುವುದು ಮೂರು ವರ್ಷ ಕಳೆದರೂ ನನಗೆ ಬಗೆಹರಿದಿಲ್ಲ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಒಂಬತ್ತು ವರ್ಷದವಳಾಗಿದ್ದ ನಾನು ಅವರ ಮನೆಗೆ ಬಂದೆ. ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಸರ್ಕಾರಿ ವಸತಿಯ ನೆಲಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಪ್ರತಿ ಡಬ್ಬದ ಮೇಲೂ ಮಾವನ ದುಂಡು ಅಕ್ಷರದ ಚೀಟಿ. ಒಳಗೆ ಏನಿದೆ, ಯಾವತ್ತು ತುಂಬಿದ್ದು, ಯಾವತ್ತಿಗೆ ಮುಗಿಯಬೇಕು. ಏನೂ ಇಲ್ಲದ ಡಬ್ಬದ ಮೇಲೆ ‘ಖಾಲಿ’ ಎಂಬ ಚೀಟಿ. ಒಮ್ಮೆ ಆ ಖಾಲಿ ಡಬ್ಬಕ್ಕೆ ಅತ್ತೆ ಉಪ್ಪು ತುಂಬಿಸಿಬಿಟ್ಟರು. ಮಾವ ವಾರವಿಡೀ ಅದರಲ್ಲಿ ಏನೂ ಇಲ್ಲ ಅಂತಲೇ ನಂಬಿ ಅಂಗಡಿಯಿಂದ ಉಪ್ಪು ತಂದರು. “ನನಗೂ ಒಂದು ಚೀಟಿ ಅಂಟಿಸಿಬಿಡಿ, ಹೆಂಡತಿ ಅಂತ. ಇಲ್ದಿದ್ರೆ ನಾಳೆ ಗುರುತು ಸಿಗಲ್ಲ ನಿಮಗೆ” ಎಂದು ಅತ್ತೆ ರೇಗಿಸುತ್ತಿದ್ದರು. ಮಾವನಿಗೆ ಸಿಟ್ಟು ಬರುತ್ತಿರಲಿಲ್ಲ. “ಹೊಳೆಗೆ ಹಾಕಿದರೂ ಅಳೆದು ಹಾಕು ಅಂತಾರೆ ಕಣೇ” ಅನ್ನುತ್ತಿದ್ದರು. ಅವರ ಬಾಯಲ್ಲಿ ದಿನಕ್ಕೆ ಒಮ್ಮೆಯಾದರೂ ಈ ಗಾದೆ ಬರಲೇಬೇಕು.

ಅವರದು ಸೈನ್ಯದ ಗೋದಾಮಿನಲ್ಲಿ ಕೆಲಸ. ಸೈನಿಕರಲ್ಲ, ಸ್ಟೋರ್ ಕೀಪರ್. ಬಂದೂಕು ಹಿಡಿದವರಲ್ಲ, ಬಂದೂಕಿನ ಚೀಲ ಎಣಿಸಿದವರು. ನಾಲ್ಕನೇ ನಂಬರಿನ ಗೋದಾಮು ಅವರ ಸುಪರ್ದಿನಲ್ಲಿತ್ತು. ತಗಡಿನ ಮಾಡು, ಎತ್ತರದ ಸಣ್ಣ ಕಿಟಕಿಗಳು, ಉದ್ದಕ್ಕೆ ಕಬ್ಬಿಣದ ಕಪಾಟು. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿಕೈ ಮಾವನ ಹತ್ತಿರ, ಇನ್ನೊಂದರದು ಡಿಪೋದ ದೊಡ್ಡ ಸಾಹೇಬರ ಹತ್ತಿರ. ಒಬ್ಬರಿಲ್ಲದೆ ಇನ್ನೊಬ್ಬರು ಒಳಗೆ ಹೋಗುವಂತಿಲ್ಲ ಎಂಬುದು ನಿಯಮ. ಮಾವ ರಜೆ ಹಾಕಿದಾಗ ಮಾತ್ರ ಅವರ ಕೀಲಿಕೈಯೂ ಸಾಹೇಬರ ಮೇಜಿಗೇ ಹೋಗುತ್ತಿತ್ತು. ಅದೂ ನಿಯಮವೇ. ಈ ಎರಡು ನಿಯಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಮಿತ್ರದೇಶ ನಮ್ಮ ಸೈನ್ಯಕ್ಕೆ ಮುನ್ನೂರ ನಲವತ್ತು ದುರ್ಬೀನು ಕೊಟ್ಟಿತು. ಕತ್ತಲಲ್ಲಿ ಕಣ್ಣಿಗೆ ಹಿಡಿದರೆ ಹಗಲಿನ ಹಾಗೆ ಕಾಣುವಂಥವು. ಹತ್ತು ಹತ್ತರಂತೆ ಮೂವತ್ತನಾಲ್ಕು ಪೆಟ್ಟಿಗೆ. ಪ್ರತಿಯೊಂದರ ಬೆನ್ನಿಗೂ ಹೆಬ್ಬೆರಳ ಉಗುರಿನಷ್ಟು ತಗಡಿನ ಬಿಲ್ಲೆ, ಅದರ ಮೇಲೆ ನಂಬರು. ದುರ್ಬೀನುಗಳ ಜೊತೆ ಒಂದು ಕರಾರುಪತ್ರವೂ ಬಂತು. ಇವುಗಳನ್ನು ಮಾರಬಾರದು, ಯಾರಿಗೂ ಎರವಲು ಕೊಡಬಾರದು, ಬಿಚ್ಚಿ ನೋಡಬಾರದು, ಒಡೆದರೆ ಚೂರುಗಳನ್ನು ತೋರಿಸಬೇಕು, ಸುಟ್ಟರೆ ಬೂದಿಯನ್ನು ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊಟ್ಟವರ ಕಡೆಯ ತಂಡ ವರ್ಷಕ್ಕೊಮ್ಮೆ ಬಂದು ಒಂದೊಂದರ ನಂಬರನ್ನೂ ಕಣ್ಣಾರೆ ನೋಡಬೇಕು. ಅವರ ದೇಶದ ಸಂಸತ್ತಿನಲ್ಲಿ ಜನರ ತೆರಿಗೆಯಲ್ಲಿ ಮಾಡಿದ್ದು ಎಲ್ಲಿ ಹೋಯಿತು ಎಂದು ಕೇಳುತ್ತಾರಂತೆ. ಉತ್ತರ ಕೊಡಬೇಕಲ್ಲ, ಅದಕ್ಕೆ.

ಮಾವ ಆ ಪತ್ರದ ಅನುವಾದವನ್ನು ಮನೆಗೆ ತಂದು ಮೂರು ಸಲ ಓದಿದರು. ಆಮೇಲೆ ಕನ್ನಡಕ ತೆಗೆದಿಟ್ಟು, “ಇದು ಕೊಟ್ಟಿದ್ದೋ, ಇಟ್ಕೊಂಡಿರು ಅಂದಿದ್ದೋ?” ಎಂದು ಕೇಳಿದರು.

“ನಮ್ಮತ್ತೆ ನನಗೆ ಒಂದು ಶಾಲು ಕೊಟ್ಟಿದ್ರಲ್ಲ, ಹಾಗೆ” ಎಂದರು ಅತ್ತೆ. “ಹೊದ್ರೆ ಹಳೇದು ಮಾಡ್ದೆ ಅನ್ನೋರು. ಹೊದೀದೇ ಇದ್ರೆ ಇಷ್ಟ ಇಲ್ವಾ ಅನ್ನೋರು. ಬಂದಾಗೆಲ್ಲ ಪೆಟ್ಟಿಗೆ ತೆಗಿಸಿ ನೋಡೋರು.”

“ಕೊನೆಗೆ ಏನು ಮಾಡ್ದೆ?”

“ಏನ್ ಮಾಡೋದು, ಪೆಟ್ಟಿಗೇಲೇ ಇಟ್ಟೆ.”

ದುರ್ಬೀನುಗಳಿಗೂ ಅದೇ ಗತಿಯಾಯಿತು. ಗಡಿ ಠಾಣೆಗೆ ಕಳಿಸಿದರೆ ಎಲ್ಲಾದರೂ ಬೀಳುತ್ತದೆ, ಯಾವನಾದರೂ ಕಳೆಯುತ್ತಾನೆ, ತಂಡ ಬಂದಾಗ ಒಂದು ಕಡಿಮೆಯಾದರೆ ಗತಿಯೇನು ಅಂತ ಮೇಲಿನವರು ಅವನ್ನು ಮೀಸಲು ಎಂದು ಬರೆದು ಗೋದಾಮಿನಲ್ಲೇ ಇಡಿಸಿದರು. ಒಂದು ಠಾಣೆಯವರು ಇಪ್ಪತ್ತು ಬೇಕು ಎಂದು ಕೇಳಿ, ಸಾಹೇಬರ ಮಂಜೂರಾತಿಯನ್ನೂ ತಂದಿದ್ದರಂತೆ. ತಪಾಸಣೆ ಹತ್ತಿರ ಬಂದಿದೆ ಅಂತ ಮಾವನೇ ಅಡ್ಡ ಮಲಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗಡಿಯಲ್ಲಿದ್ದವರು ಹಳೇ ಬ್ಯಾಟರಿ ಹಿಡಿದುಕೊಂಡೇ ಓಡಾಡಿದರು. ನೋಡುವುದಕ್ಕೆ ಅಂತ ಕೊಟ್ಟ ವಸ್ತುವನ್ನು ನೋಡುವುದೇ ಒಂದು ಕೆಲಸವಾಯಿತು. ನನಗೆ ಇದನ್ನು ನೆನೆದಾಗೆಲ್ಲ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗುವುದಿಲ್ಲ.

ಮೊದಲ ವರ್ಷದ ತಪಾಸಣೆ ನಾಲ್ಕು ದಿನ ನಡೆಯಿತು. ಮೂವತ್ತನಾಲ್ಕು ಪೆಟ್ಟಿಗೆ ಬಿಚ್ಚಿ, ಒಂದೊಂದನ್ನೇ ಹೊರತೆಗೆದು, ತಿರುಗಿಸಿ, ನಂಬರು ಓದಿ, ಮತ್ತೆ ಸುತ್ತಿ ಇಡುವಷ್ಟರಲ್ಲಿ ಒಳಗೆ ತೇವ ಸೇರಿ ಆರು ದುರ್ಬೀನುಗಳ ಗಾಜಿಗೆ ಬೂಸ್ಟು ಹಿಡಿಯಿತು. ಮಾವನಿಗೆ ಒಂದು ಮೆಮೋ ಬಂತು. ಅವರ ಇಡೀ ನೌಕರಿಯಲ್ಲಿ ಅದೇ ಮೊದಲನೆಯದು. ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಹಲಗೆ ಬಂತು. ಮುನ್ನೂರ ನಲವತ್ತು ಬಿಲ್ಲೆಗಳನ್ನೂ ದುರ್ಬೀನುಗಳಿಂದ ಬಿಚ್ಚಿ, ಹಸಿರು ಬಣ್ಣ ಬಳಿದ ದೊಡ್ಡ ಹಲಗೆಯ ಮೇಲೆ ಸಣ್ಣ ಮೊಳೆ ಹೊಡೆದು, ಸಾಲಿಗೆ ಇಪ್ಪತ್ತರಂತೆ ಹದಿನೇಳು ಸಾಲು, ನಂಬರಿನ ಪ್ರಕಾರ ತೂಗುಹಾಕಿದರು. ಪೆಟ್ಟಿಗೆಗಳನ್ನು ಭದ್ರವಾಗಿ ಮುಚ್ಚಿ ಸೀಲು ಮಾಡಿದರು. ಇನ್ನು ಮೇಲೆ ನಂಬರು ನೋಡಬೇಕೆಂದರೆ ಹಲಗೆ ನೋಡಿದರಾಯಿತು, ಪೆಟ್ಟಿಗೆ ತೆಗೆಯುವ ಹಾಗಿಲ್ಲ, ತೇವ ಒಳಗೆ ಹೋಗುವ ಹಾಗಿಲ್ಲ, ಬಿಲ್ಲೆ ಉದುರಿ ಕಳೆಯುವ ಹಾಗಿಲ್ಲ. ಮುಂದಿನ ವರ್ಷ ಬಂದ ತಂಡದವರು ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಒಂದು ಗಂಟೆಯಲ್ಲಿ ಮುನ್ನೂರ ನಲವತ್ತಕ್ಕೂ ಗುರುತು ಹಾಕಿ, ಪೆಟ್ಟಿಗೆಗಳನ್ನು ಹೊರಗಿನಿಂದ ಎಣಿಸಿ, ಚಹಾ ಕುಡಿದು ಹೊರಟರು. ಆ ಸೆಕೆಯ ಗೋದಾಮಿನಲ್ಲಿ ನಾಲ್ಕು ದಿನ ಬೇಯುವುದು ಯಾರಿಗೆ ಬೇಕು. ಅವರು ಕೊಟ್ಟ ‘ಮಾದರಿ ಗೋದಾಮು’ ಎಂಬ ಪ್ರಶಸ್ತಿಪತ್ರವನ್ನು ಮಾವ ಕಟ್ಟು ಹಾಕಿಸಿ ಮನೆಯ ಗೋಡೆಗೆ ಹಾಕಿದರು.

“ಬೆಳಗ್ಗೆ ಹಲ್ಲುಜ್ತಾ ನಿಂತಿದ್ದೆ ನೋಡು, ಫಕ್ಕನೆ ಹೊಳೀತು” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಮದುವೆಗೆ ಹುಡುಗನನ್ನು ನೋಡಲು ಹೋದಾಗ ಹುಡುಗನ ಕೆಲಸ ಕೇಳುವ ಮೊದಲು ಈ ಕಥೆ ಹೇಳಿದರು. ಅವರು ಹೆಚ್ಚು ಓದಿದವರಲ್ಲ, ಬಡ್ತಿ ಸಿಕ್ಕವರಲ್ಲ, ಜೀವನದಲ್ಲಿ ಯಾರೂ ಅವರ ಬುದ್ಧಿಯನ್ನು ಹೊಗಳಿದವರಿಲ್ಲ. ಸೋಮವಾರ ಬೆಳಗ್ಗೆ ಹಲಗೆಯ ಮುಂದೆ ನಿಂತು ಒಂದೊಂದೇ ಬಿಲ್ಲೆಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದರಂತೆ. ಡಿಪೋದಲ್ಲಿ ಎಲ್ಲರೂ ಅವರನ್ನು ‘ಬಿಲ್ಲೆ ಮೇಷ್ಟ್ರು’ ಅಂತ ಕರೆಯತೊಡಗಿದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಮೂರು ಜನ ಸಾಹೇಬರು ಬಂದರು, ಹೋದರು. ಮೇಲಕ್ಕೆ ಹೋದ ಪ್ರತಿ ವರದಿಯಲ್ಲೂ ‘ನೂರಕ್ಕೆ ನೂರು ಪರಿಶೀಲಿಸಲಾಗಿದೆ’ ಎಂದಿತ್ತು. ನನಗೆ ಗೊತ್ತು, ಕೊನೆಯ ಐದು ವರ್ಷದ ವರದಿಗಳನ್ನು ನಮ್ಮ ಭಾಷೆಗೆ ತಂದವಳು ನಾನೇ.

ವಿದೇಶಿ ನೆರವಿನ ಉಸ್ತುವಾರಿಗೆ ಅಂತ ನಮ್ಮ ಸರ್ಕಾರವೂ ಒಂದು ಕಚೇರಿ ತೆಗೆದಿತ್ತು. ಎರಡನೇ ಮಹಡಿಯಲ್ಲಿ ಆರು ಮೇಜು, ಒಂದು ಅಲ್ಮೇರಾ, ಕಿರುಗುಟ್ಟುವ ಫ್ಯಾನು. ಕೊಟ್ಟವರು ಕೇಳುವ ಪ್ರಶ್ನೆಗೆ ಅವರು ಕೇಳುವ ಮೊದಲೇ ಉತ್ತರ ಸಿದ್ಧಮಾಡಿಡುವುದು ನಮ್ಮ ಕೆಲಸ. ಅಲ್ಲಿ ನಾನು ಅನುವಾದಕಿ. ತಂಡ ಬಂದಾಗ ದುಭಾಷಿ.

ಹನ್ನೆರಡನೇ ವರ್ಷ ತಂಡದ ಮುಖ್ಯಸ್ಥೆಯಾಗಿ ಒಬ್ಬ ಹೊಸ ಮೇಡಂ ಬಂದರು. ಕೊರಳಿಗೆ ಸಣ್ಣ ಟಾರ್ಚು ನೇತುಹಾಕಿಕೊಂಡಿದ್ದರು. ಡಿಪೋದವರು ಆ ದಿನವೇ ಟಾರ್ಚಮ್ಮ ಎಂದು ಹೆಸರಿಟ್ಟರು. ನಾನು ಮೊದಲೇ ಹೇಳಿಬಿಟ್ಟೆ, ಸ್ಟೋರ್ ಕೀಪರ್ ನನ್ನ ಸೋದರಮಾವ ಅಂತ. ಎರಡೂ ಭಾಷೆ ಬಲ್ಲವರು ಬೇರೆ ಯಾರಿದ್ದಾರೆ ಎಂದು ಮೇಡಂ ಕೇಳಿದರು. ಯಾರೂ ಇರಲಿಲ್ಲ. ಪುಸ್ತಕದಲ್ಲಿ ಅದನ್ನು ಬರೆದುಕೊಂಡು, ಸರಿ ನಡೆಯಿರಿ ಎಂದರು.

ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಹಲಗೆಯ ಪಕ್ಕ ನಿಂತಿದ್ದರು. ಮೇಡಂ ಹದಿನೇಳು ಸಾಲನ್ನೂ ತಾಳೆ ನೋಡಿದರು. ಒಂದೂ ತಪ್ಪಿಲ್ಲ. ಮಾವ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಆಗ ಮೇಡಂ ಪೆಟ್ಟಿಗೆ ತೆಗೆಯಿರಿ ಎಂದರು. ಮಾವ ಖುಷಿಯಿಂದಲೇ ತೆಗೆದರು. ಮೇಡಂ ಒಂದು ದುರ್ಬೀನನ್ನು ಎತ್ತಿ ಬೆನ್ನು ತಿರುಗಿಸಿ, ಟಾರ್ಚು ಬಿಟ್ಟರು. ಬಿಲ್ಲೆ ಇದ್ದ ಜಾಗದಲ್ಲಿ ಸ್ಕ್ರೂವಿನ ಎರಡು ಸಣ್ಣ ತೂತು.

“ಇದರ ನಂಬರು ಯಾವುದು?”

ಮೇಡಂ ಪ್ರಶ್ನೆಯನ್ನು ನಾನು ಮಾವನಿಗೆ ದಾಟಿಸಿದೆ. ಮಾವ ಹಲಗೆಯ ಕಡೆ ಕೈ ತೋರಿಸಿದರು. “ಅಲ್ಲಿದೆಯಲ್ಲ.”

“ಅಲ್ಲಿರೋದ್ರಲ್ಲಿ ಯಾವುದು ಅಂತ ಕೇಳ್ತಿದಾರೆ ಮಾವ.”

ಮಾವ ಹಲಗೆ ನೋಡಿದರು, ದುರ್ಬೀನು ನೋಡಿದರು. ಹಣೆ ಒರೆಸಿಕೊಂಡರು. “ಯಾವುದಾದ್ರೇನಮ್ಮಾ, ಎಲ್ಲಾ ಒಂದೇ ತರ ಇದಾವಲ್ಲ. ಮುನ್ನೂರ ನಲವತ್ತು ಅಲ್ಲಿದಾವೆ, ಮುನ್ನೂರ ನಲವತ್ತು ಇಲ್ಲಿದಾವೆ. ಇನ್ನೇನು ಬೇಕಂತೆ?”

ನಾನು ಅದನ್ನು ಹಾಗೇ ಹೇಳಿದೆ. ಮೇಡಂ ಆ ಎರಡು ತೂತುಗಳನ್ನು ಇನ್ನೊಮ್ಮೆ ನೋಡಿದರು. ಅವರೂ ತಬ್ಬಿಬ್ಬಾಗಿದ್ದರು ಅಂತ ಕಾಣುತ್ತದೆ. ಇಂಥ ಪ್ರಶ್ನೆಗೆ ಅವರ ನಮೂನೆಯಲ್ಲಿ ಜಾಗವಿರಲಿಲ್ಲ. ನಂಬರನ್ನು ವಸ್ತುವಿನ ಮೇಲೆ ನೋಡಿದರೆ ಮಾತ್ರ ವಸ್ತು ಇದೆ ಎಂದು ಬರೆಯಬಹುದು, ಅದು ಅವರ ನಿಯಮ. ಎಲ್ಲ ಪೆಟ್ಟಿಗೆ ತೆಗೆಸಿ, ಎತ್ತದೆ ಇದ್ದಲ್ಲೇ ಎಣಿಸಿದರು. ಮುನ್ನೂರ ನಲವತ್ತು. ನಮೂನೆಯಲ್ಲಿ ‘ಪರಿಶೀಲಿಸಲಾದದ್ದು’ ಎಂಬಲ್ಲಿ ಸೊನ್ನೆ ಬರೆದರು.

ಆ ಸೊನ್ನೆ ಹೇಗೋ ಪತ್ರಿಕೆಯವರಿಗೆ ಸಿಕ್ಕಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಅವರು. ‘ಸೇನೆಯ 340 ದುರ್ಬೀನು ನಾಪತ್ತೆ’ ಎಂದು ಮುಖಪುಟದಲ್ಲೇ ಹಾಕಿದರು. ಮಾವ ಆ ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಗೋದಾಮಿಗೆ ಹೋಗಿ, ಕಪಾಟಿನ ಮುಂದೆ ನಿಂತು ಒಂದು ಸಲ ಸುದ್ದಿ ಓದಿ, ಒಂದು ಸಲ ದುರ್ಬೀನು ನೋಡಿದರಂತೆ. ಸಂಜೆ ಬಂದು, “ನಾಪತ್ತೆ ಅಂದ್ರೆ ಇಲ್ಲ ಅಂತ ತಾನೇ ಅರ್ಥ? ಅಥವಾ ಈಗ ಬೇರೆ ಅರ್ಥ ಇದೆಯಾ?” ಎಂದು ಕೇಳಿದರು. ಪಾಪ, ನಿಜವಾಗಿ ಕೇಳಿದರು.

ಅದಕ್ಕಿಂತ ತಮಾಷೆ ನಮ್ಮ ಇಲಾಖೆಯ ವಿಚಾರಣಾಧಿಕಾರಿಯದು. ಅವರು ಬಂದು ಎಣಿಸಿ, ಟಿಪ್ಪಣಿ ಬರೆದರು. ನಂಬರಿರುವ ಮುನ್ನೂರ ನಲವತ್ತು ದುರ್ಬೀನು ಕಾಣೆಯಾಗಿವೆ. ನಂಬರಿಲ್ಲದ ಮುನ್ನೂರ ನಲವತ್ತು ದುರ್ಬೀನು ಗೋದಾಮಿನಲ್ಲಿ ಸಿಕ್ಕಿವೆ. ಇವು ಎಲ್ಲಿಂದ ಬಂದವು ಎಂಬುದಕ್ಕೆ ಸ್ಟೋರ್ ಕೀಪರ್ ಸಮಾಧಾನಕರ ವಿವರಣೆ ನೀಡಿಲ್ಲ. ಅಂದರೆ ಮಾವ ಅಷ್ಟು ವಸ್ತು ಕಳೆದದ್ದಕ್ಕೂ ಅಪರಾಧಿ, ಅಷ್ಟೇ ವಸ್ತು ಇಟ್ಟುಕೊಂಡದ್ದಕ್ಕೂ ಅಪರಾಧಿ. ಆ ಟಿಪ್ಪಣಿಯನ್ನು ಅನುವಾದ ಮಾಡುವಾಗ ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ನಾಲ್ಕು ಸಲ ಓದಿ, ಇದ್ದದ್ದನ್ನು ಇದ್ದ ಹಾಗೆ ಬರೆದೆ. ತಿದ್ದುವುದು ನನ್ನ ಕೆಲಸವಲ್ಲ. ನಿವೃತ್ತಿಗೆ ಐದು ತಿಂಗಳಿದ್ದ ಮಾವನನ್ನು ಅಮಾನತಿನಲ್ಲಿಟ್ಟರು.

ಬೀದಿಯಲ್ಲಿ ಜನ ಮಾತಾಡಿಕೊಂಡರು. ತರಕಾರಿಯವಳು ಅತ್ತೆಗೆ ಚಿಲ್ಲರೆ ಕೊಡುವಾಗ, “ಒಂದು ದುರ್ಬೀನು ನಮಗೂ ಕೊಡ್ಸಿ ಅಕ್ಕ” ಎಂದಳಂತೆ. ಅತ್ತೆ ತರಕಾರಿಯನ್ನು ಅವಳ ಬುಟ್ಟಿಗೇ ಸುರಿದು ಬಂದರು. ಮಾವನಿಗೆ ಬೇಕಿದ್ದದ್ದು ಒಂದೇ. ತಾನು ಕಳ್ಳನಲ್ಲ ಅಂತ ಯಾರಾದರೂ ಮೇಲಿನವರು ಕಾಗದದ ಮೇಲೆ ಬರೆದುಕೊಡಬೇಕು. ಉಳಿದದ್ದು ಏನಾದರೂ ಆಗಲಿ.

ದಾರಿ ತೋರಿಸಿದವರು ಟಾರ್ಚಮ್ಮನೇ. ದುರ್ಬೀನಿನ ಹೊಟ್ಟೆಯೊಳಗೆ ಇನ್ನೊಂದು ನಂಬರು ಕೊರೆದಿರುತ್ತದೆ, ಅದನ್ನು ತೆರೆಯಲು ಬೇರೆಯೇ ಉಪಕರಣ ಬೇಕು, ತಯಾರಿಸಿದವರ ಕಡೆಯ ಮೆಕ್ಯಾನಿಕ್ಕೇ ಬರಬೇಕು ಎಂದು ಪತ್ರ ಬರೆದರು. ಆರು ವಾರಕ್ಕೆ ಮೆಕ್ಯಾನಿಕ್ ಬಂದ. ಮಾತೇ ಇಲ್ಲದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. ಮಾವನನ್ನೂ ಹಾಜರಿರಲು ಕರೆಸಿದ್ದರು. ಮೊದಲ ದಿನ ನಲವತ್ತು ತೆರೆದ. ನಲವತ್ತೂ ಪಟ್ಟಿಯಲ್ಲಿದ್ದ ನಂಬರುಗಳೇ. ಎರಡನೇ ದಿನ ಐವತ್ತು, ಎಲ್ಲವೂ ಸರಿ. ಮಾವನಿಗೆ ಜೀವ ಬಂತು. ಮನೆಗೆ ಬರುವಾಗ ಬೇಕರಿಯಲ್ಲಿ ಬಿಸ್ಕತ್ತು ಕಟ್ಟಿಸಿಕೊಂಡರು. “ನಾನು ಹೇಳ್ಲಿಲ್ವಾ” ಎಂದು ಅತ್ತೆಗೆ ಹತ್ತು ಸಲ ಹೇಳಿದರು.

ಮೂರನೇ ದಿನ ಹನ್ನೆರಡನೇ ಪೆಟ್ಟಿಗೆ. ಮೆಕ್ಯಾನಿಕ್ ಮೊದಲನೆಯದನ್ನು ಎತ್ತಿ, ಕೈಯಲ್ಲಿ ತೂಗಿ, ಕೆಳಗಿಟ್ಟ. ಎರಡನೆಯದನ್ನು ಎತ್ತಿದ. ಮೂರನೆಯದನ್ನು. ಆಮೇಲೆ ಒಂದನ್ನು ತೆರೆದ. ಒಳಗೆ ಯಂತ್ರವಿರಲಿಲ್ಲ. ತೂಕಕ್ಕೆ ಅಂತ ಎರಡು ಸೀಸದ ತುಂಡು ಅಂಟಿಸಿದ್ದರು, ಮುಂದೆ ಸಾದಾ ಗಾಜು. ಮಾವ ಬಗ್ಗಿ ಒಳಗೆ ನೋಡಿದರು. “ಇದು ಯಾಕೆ ಹೀಗಿದೆ?” ಎಂದು ನನ್ನನ್ನು ಕೇಳಿದರು. ನಾನು ಅದನ್ನು ಅನುವಾದ ಮಾಡಲಿಲ್ಲ. ಯಾರಿಗೆ ಅಂತ ಮಾಡಲಿ.

ಒಂದು ವಾರದಲ್ಲಿ ಪೂರ್ತಿ ಗೊತ್ತಾಯಿತು. ಇನ್ನೂರ ಹನ್ನೆರಡು ಅಸಲಿ, ನೂರ ಇಪ್ಪತ್ತೆಂಟು ನಕಲಿ. ಯಾರೋ ಸಾವಕಾಶವಾಗಿ, ವರ್ಷಗಳ ಉದ್ದಕ್ಕೆ, ಒಂದೊಂದೇ ಪೆಟ್ಟಿಗೆಯಿಂದ ಒಯ್ದು, ಬದಲಿಗೆ ಗೊಂಬೆ ತುಂಬಿಟ್ಟು, ಮತ್ತೆ ಸೀಲು ಹಾಕಿದ್ದರು. ಬಿಲ್ಲೆ ದುರ್ಬೀನಿನ ಮೇಲೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಪ್ರತಿ ವರ್ಷ ಪೆಟ್ಟಿಗೆ ತೆಗೆಯಬೇಕಾಗುತ್ತಿತ್ತು, ಕೈಗೆತ್ತಿ ಕಣ್ಣಿಗೆ ಹಿಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಹಲಗೆ ಬಂದ ಮೇಲೆ ಪೆಟ್ಟಿಗೆಯ ಗೊಡವೆಯೇ ಯಾರಿಗೂ ಬೇಡವಾಯಿತು. ಮಾವ ಸೋಮವಾರ ಸೋಮವಾರ ನಂಬರು ಒರೆಸುತ್ತಿದ್ದರು, ಅವರು ರಜೆ ಹಾಕಿದಾಗ ವಸ್ತು ಹೋಗುತ್ತಿತ್ತು. ಇದಾದ ಮೇಲೆ ಗೋದಾಮಿಗೆ ಮೂರನೇ ಬೀಗ ಹಾಕಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.

ಕೊನೆಯ ವಿಚಾರಣೆಯ ಹಿಂದಿನ ಸಂಜೆ ನಾನು ಮಾವನ ಮನೆಗೆ ಹೋದೆ. ಅವರು ಕಳ್ಳರಲ್ಲ ಅನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ಮನವರಿಕೆಯಾಗಿತ್ತು. ಕದ್ದವನು ಹಲಗೆ ತೋರಿಸಿಕೊಂಡು ಹನ್ನೊಂದು ವರ್ಷ ಮೆರೆಯುವುದಿಲ್ಲ. ಉಳಿದದ್ದು ಒಂದೇ ಪ್ರಶ್ನೆ, ಅದನ್ನು ಮೇಡಂ ಮೊದಲೇ ತಿಳಿಸಿದ್ದರು. ಬಿಲ್ಲೆ ಬಿಚ್ಚುವ ಯೋಚನೆ ಯಾರದು? ಮೇಲಿನವರು ಹೇಳಿದ್ದಕ್ಕೆ ಮಾಡಿದೆ ಅಂದರೆ ಮಾವ ಬರೀ ಸಾಕ್ಷಿ. ವಿಚಾರಣೆ ಆಗಿನ ಸಾಹೇಬರ ಕಡೆ ತಿರುಗುತ್ತದೆ, ಕಳ್ಳನೂ ಸಿಗಬಹುದು, ಮಾವ ಮರ್ಯಾದೆಯಿಂದ ನಿವೃತ್ತರಾಗಬಹುದು. ನನ್ನದೇ ಅಂದರೆ ಎಲ್ಲ ಅವರ ತಲೆಗೇ ಕಟ್ಟಿ ಕೆಲಸದಿಂದ ವಜಾ ಮಾಡುತ್ತಾರೆ.

“ಸಾಹೇಬ್ರು ಹೇಳಿದ್ರು ಅಂತ ಹೇಳಿಬಿಡಿ” ಎಂದರು ಅತ್ತೆ. “ಒಂದು ಮಾತು. ನಾಲಿಗೆ ಏನು ಸವೆಯಲ್ಲ.”

“ಹೇಳಿದ್ರಾ?” ಎಂದರು ಮಾವ.

“ಅದು ನನಗೆ ಹೇಗೆ ಗೊತ್ತು? ನಿಮಗೆ ಗೊತ್ತಿರಬೇಕು.”

ಆಗಿನ ಸಾಹೇಬರನ್ನು ನಾವೆಲ್ಲ ಬಲ್ಲೆವು. ಸದಾ ಕೈಯಲ್ಲೊಂದು ಬೆತ್ತ ಇರುತ್ತಿದ್ದರಿಂದ ಬೆತ್ತದ ಸಾಹೇಬರು. ಮಾವನಿಗೆ ಮೆಮೋ ಕೊಟ್ಟವರೂ ಅವರೇ, ಆಮೇಲೆ ಹಲಗೆಯನ್ನು ಹೊಗಳಿ ಬೆನ್ನು ತಟ್ಟಿದವರೂ ಅವರೇ. ಅತ್ತೆಯ ಕಣ್ಣಿನ ಆಪರೇಷನ್ನಿಗೆ ಕೇಳಿದಷ್ಟು ರಜೆ ಕೊಟ್ಟು, “ನಿಶ್ಚಿಂತೆಯಿಂದ ಹೋಗಿ, ಗೋದಾಮು ನಾನು ನೋಡ್ಕೋತೀನಿ” ಎಂದವರು. ಮಾವ ಆ ಮಾತನ್ನು ಹೇಳಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು. ಸಾಹೇಬರು ನಿವೃತ್ತರಾಗಿ ಏಳೆಂಟು ವರ್ಷವಾಗಿತ್ತು.

ಮಾವ ನನ್ನ ಕಡೆ ತಿರುಗಿದರು. “ಬಿಲ್ಲೆ ಬಿಚ್ಚಿದ ದಿನ ನಾನು ಮನೆಗೆ ಬಂದು ಏನು ಹೇಳಿದ್ದೆ, ನಿನಗೇನಾದ್ರೂ ನೆನಪಿದೆಯಾ ಮಗಾ?”

ನನಗೆ ನೆನಪಿರಲಿಲ್ಲ. ನಾನು ಪರೀಕ್ಷೆಗೆ ಓದುತ್ತಿದ್ದೆ, ಕಿವಿಗೊಟ್ಟಿರಲಿಲ್ಲ. ನೆನಪಿದ್ದದ್ದು ಆಮೇಲಿನ ನೂರಾರು ಸಲದ ಹಲ್ಲುಜ್ಜುವ ಕಥೆ ಮಾತ್ರ. ಹಾಗೆಂದೆ. “ನನಗೂ ಅಷ್ಟೇ” ಎಂದರು ಮಾವ. “ಕಥೆ ನೆನಪಿದೆ. ಅದರ ಹಿಂದೆ ಏನಿತ್ತು ಅಂತ ಕೈ ಹಾಕಿದ್ರೆ ಏನೂ ಸಿಗ್ತಿಲ್ಲ.” ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಅಡುಗೆಮನೆಯ ಸಾಸಿವೆ ಯಾವ ತಾರೀಕು ತುಂಬಿದ್ದು ಅಂತ ಬಲ್ಲವರಿಗೆ ಇದೊಂದು ಗೊತ್ತಿಲ್ಲವೆ. ಸಿಟ್ಟಿನಲ್ಲಿ, “ನೆನಪಿಲ್ಲದಿದ್ರೆ ನಿಮಗೆ ಒಳ್ಳೇದಾಗೋ ಕಡೆಗೆ ನೆನಪು ಮಾಡ್ಕೊಳ್ಳಿ” ಎಂದುಬಿಟ್ಟೆ. ಉಸ್ತುವಾರಿ ಕಚೇರಿಯವಳು ಆಡುವ ಮಾತಲ್ಲ ಅದು.

ಮಾರನೆಯ ದಿನ ಡಿಪೋದ ಸಭೆಯ ಕೋಣೆ. ಉದ್ದ ಮೇಜಿನ ಒಂದು ಕಡೆ ಮೇಡಂ ಮತ್ತು ವಿಚಾರಣಾಧಿಕಾರಿ, ಇನ್ನೊಂದು ಕಡೆ ಮಾವ. ನಾನು ಮೇಜಿನ ತಲೆಯ ಕಡೆ, ಯಾರ ಕಡೆಗೂ ಸೇರದ ಕುರ್ಚಿಯಲ್ಲಿ. ಮೇಡಂ ನಿಧಾನವಾಗಿ ಕೇಳಿದರು. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದೆ. “ದುರ್ಬೀನಿನಿಂದ ಬಿಲ್ಲೆ ತೆಗೆದು ಹಲಗೆಗೆ ಹಾಕೋ ಯೋಚನೆ ನಿಮ್ಮದೋ, ಅಥವಾ ಹಾಗೆ ಮಾಡಿ ಅಂತ ನಿಮಗೆ ಯಾರಾದರೂ ಹೇಳಿದ್ರೋ?”

ಮಾವ ಮೇಜಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಅವನ್ನೇ ನೋಡುತ್ತ ಕುಳಿತರು. ಅವರ ಬಲಗೈ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿದವು, ಏನೋ ಸಣ್ಣದನ್ನು ತಿರುಗಿಸುವ ಹಾಗೆ. ಆಮೇಲೆ ತಲೆ ಎತ್ತಿದರು. ಮುಖದಲ್ಲಿ ಏನೋ ಹೊಳೆದ ಹಾಗಿತ್ತು.

“ನಂದೇ” ಎಂದರು.

ಮೇಡಂ ಮತ್ತೊಮ್ಮೆ ಕೇಳಲು ಹೇಳಿದರು. ಅವರಿಗೂ ಬೇರೆ ಉತ್ತರ ಬೇಕಿತ್ತು ಅನ್ನಿಸಿತು ನನಗೆ. ಕೇಳಿದೆ. “ನಂದೇ ಅಂದ್ನಲ್ಲಮ್ಮಾ. ಯಾರೂ ಹೇಳಿಕೊಟ್ಟಿಲ್ಲ” ಎಂದರು ಮಾವ. ನಾನು ಅನುವಾದ ಮಾಡಿದೆ. ವಿಚಾರಣಾಧಿಕಾರಿ ಕಡತ ಮುಚ್ಚಿದರು. ಕದ್ದವರಾರು ಎಂಬ ಪ್ರಶ್ನೆ ಅದೇ ಕಡತದೊಳಗೆ ಮುಚ್ಚಿಹೋಯಿತು. ವಾರದೊಳಗೆ ವಜಾ ಆದೇಶ ಬಂತು. ಮಾವ ಕೇಳಿದ್ದು ಅದರಲ್ಲಿತ್ತು. ‘ಇವರು ಕಳವಿನಲ್ಲಿ ಭಾಗಿಯಾಗಿಲ್ಲ, ತಮ್ಮ ಅವಿವೇಕದಿಂದ ಕಳವಿಗೆ ದಾರಿಮಾಡಿಕೊಟ್ಟಿದ್ದಾರೆ.’ ಆ ವಾಕ್ಯವನ್ನು ಅನುವಾದಿಸಿದವಳೂ ನಾನೇ.

ಆದರೆ ನಾನು ಹೇಳಬೇಕಾದದ್ದು ಆ ವಿಚಾರಣೆ ಮುಗಿದ ಮಧ್ಯಾಹ್ನದ್ದು. ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೊರಟೆವು. ಬಸ್ಸು ಖಾಲಿಯಿತ್ತು. ಮಾವ ಕಿಟಕಿಯ ಕಡೆ ಕುಳಿತಿದ್ದರು.

“ಆ ಸ್ಕ್ರೂಡ್ರೈವರ್ ನಂದಲ್ಲ ಕಣೇ” ಎಂದರು.

“ಯಾವ ಸ್ಕ್ರೂಡ್ರೈವರ್?”

“ಬಿಲ್ಲೆ ಬಿಚ್ಚಿದ್ದು. ಅಷ್ಟು ಸಣ್ಣ ಸ್ಕ್ರೂಗೆ ಆಗೋವಂಥದ್ದು ನಮ್ಮ ಗೋದಾಮಿನಲ್ಲಿ ಇರ್ಲೇ ಇಲ್ಲ. ಬೆತ್ತದ ಸಾಹೇಬ್ರು ಜೇಬಿಂದ ತೆಗೆದುಕೊಟ್ರು. ಕೆಂಪು ಹಿಡಿ ಇತ್ತು ಅದಕ್ಕೆ.”

ನಾನು ಅವರ ಕಡೆ ತಿರುಗಿ ಕುಳಿತೆ. “ಯಾವಾಗ ನೆನಪಾಯ್ತು?”

“ಅಲ್ಲೇ. ನೀನು ಕೇಳಿದೆಯಲ್ಲ, ಆಗ. ಅವರೇ ತಂದುಕೊಟ್ರೋ, ನಾನೇ ಬೇಕು ಅಂತ ಕೇಳಿದ್ನೋ, ಅದು ಮಾತ್ರ ಗೊತ್ತಾಗ್ತಿಲ್ಲ.”

“ಅಷ್ಟು ಹೇಳಿದ್ರೂ ಸಾಕಿತ್ತಲ್ಲ ಮಾವ. ಮೇಡಂ ಅಷ್ಟಕ್ಕೇ ಕಾಯ್ತಾ ಇದ್ರು. ಯಾಕೆ ಹೇಳ್ಲಿಲ್ಲ?” ನನ್ನ ದನಿ ಏರಿತ್ತು. ಕಂಡಕ್ಟರ್ ತಿರುಗಿ ನೋಡಿದ.

ನನ್ನ ಬ್ಯಾಗಿನಲ್ಲಿ ಮೇಡಂ ಫೋನ್ ನಂಬರಿತ್ತು. ಸಂಜೆಯವರೆಗೆ ಅವರು ಊರಲ್ಲೇ ಇರುತ್ತಿದ್ದರು. ನಾನು ಫೋನು ಹೊರತೆಗೆದೆ. ಮಾವ ನೋಡಿದರು. ಬೇಡ ಅನ್ನಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಏನೂ ಅರ್ಥವಾಗದ ಮುಖ ಮಾಡಿಕೊಂಡು, ನನಗೆ ಗೊತ್ತಿರಬಹುದು ಎನ್ನುವ ಹಾಗೆ ಕೇಳಿದರು.

“ದುರ್ಬೀನು ಅವರದ್ದು. ಗೋದಾಮು ಸರ್ಕಾರದ್ದು. ಕೀಲಿಕೈ ಸಾಹೇಬರದ್ದು. ಆ ಯೋಚನೆ ಒಂದು ನಂದು ಅನ್ಕೊಂಡಿದ್ದೆ. ಅದೂ ನಂದಲ್ಲ ಅಂದ್ರೆ, ಹನ್ನೊಂದು ವರ್ಷ ಅಲ್ಲಿ ಇದ್ದಿದ್ದು ಯಾರು ಮಗಾ?”

ನಾನು ಫೋನು ಒಳಗಿಟ್ಟೆ.